ಪುಕ್ಕಟೆ ಗೂಬೆ, ಪುಕ್ಕಟೆ ಬೀಗ

ನನಗೆ ಬಾಯಿದೆ, ನಾಲಿಗೆ ಇದೆ, ಹಲ್ಲುಗಳೂ ಹೆಚ್ಚುಕಡಿಮೆ ಇವೆ. ಧ್ವನಿ ಹುಟ್ಟುವ ಜಾಗವನ್ನು ಮಾತ್ರ ಸಾಂತಾ ಕ್ಲಾರಾದ ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಈಗ ಕತ್ತಿನ ಬುಡದಲ್ಲೊಂದು ತೂತಿದೆ, ಉಸಿರಾಟವೆಲ್ಲ ಅಲ್ಲಿಂದಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಕಬೈಗ್ವಾನ್ ಊರಿನ ಜನ ನನ್ನನ್ನು ಕಂಡ ಕೂಡಲೇ ಗಂಟಲು ಏರಿಸಿ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಆಡುತ್ತಾರೆ, ನನಗೆ ಕಿವಿಯೂ ಹೋಗಿದೆಯೆಂಬ ಹಾಗೆ. ಕಿವಿ ಚೆನ್ನಾಗಿಯೇ ಇದೆ. ಬೆನ್ನ ಹಿಂದೆ ಆಡಿಕೊಳ್ಳುವುದೂ ಕೇಳಿಸುತ್ತದೆ.

ನಾನು ಸಿಗಾರ್ ಕಾರ್ಖಾನೆಯಲ್ಲಿ ಓದುವವಳಾಗಿದ್ದೆ. ಸಾಲಾಗಿ ಕೂತು ಹೊಗೆಸೊಪ್ಪು ಸುತ್ತುವವರಿಗೆ ಕೈಗಷ್ಟೇ ಕೆಲಸ, ಕಿವಿ ಖಾಲಿ. ಆ ಕಿವಿಗೆ ಬೆಳಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದುವುದು ನನ್ನ ಉದ್ಯೋಗ. ಒಂದು ಕಾದಂಬರಿಯಲ್ಲಿ ವಿಧವೆಯೊಬ್ಬಳು ಮಗುವನ್ನು ಬಿಟ್ಟು ಸತ್ತ ದಿನ ಕಾರ್ಖಾನೆಯ ಇಡೀ ಹಾಲಿನಲ್ಲಿ ಯಾರೂ ಸೊಪ್ಪು ಮುಟ್ಟಲಿಲ್ಲ, ಮೇಲ್ವಿಚಾರಕ ಬಂದು ನನ್ನನ್ನೇ ಗದರಿಸಿದ. ಇನ್ನು ಮೇಲೆ ಯಾರನ್ನಾದರೂ ಸಾಯಿಸುವುದಿದ್ದರೆ ಶನಿವಾರ ಸಾಯಿಸು ಎಂದ. ಅಂಥ ಗಂಟಲು ನನ್ನದು. ಹೌದು, ನಾನು ಸೇದುತ್ತಲೂ ಇದ್ದೆ. ಅದಕ್ಕೇ ಹೀಗಾಯಿತು ಎಂದು ಹೇಳಲು ಬರುವವರ ಕ್ಯೂ ನಮ್ಮ ಬ್ರೆಡ್ ಅಂಗಡಿಯ ಕ್ಯೂಗಿಂತ ಉದ್ದ, ಹೊಸಬರು ಸೇರಿಕೊಳ್ಳುವುದು ಬೇಡ.

ಮನೆಯಲ್ಲಿ ನಾವು ಮೂವರು. ನಾನು, ನನ್ನ ಗಂಡ ಒನೇಲಿಯೊ, ನನ್ನ ತಾಯಿ ಎದುವಿಹೆಸ್. ಅಮ್ಮನಿಗೆ ಕಣ್ಣಿಲ್ಲ. ಸಕ್ಕರೆ ಕಾಯಿಲೆ ಮೊದಲು ಕಣ್ಣನ್ನು ತಿಂದಿತು, ಆಮೇಲೆ ಬೆರಳ ತುದಿಗಳನ್ನು ಮರಗಟ್ಟಿಸಿತು. ಅಂದರೆ ಲೆಕ್ಕ ಹೀಗೆ: ನಾನು ಆಡಲಾರೆ, ಬರೆಯಬಲ್ಲೆ. ಅಮ್ಮ ಓದಲಾರಳು, ಕೇಳಬಲ್ಲಳು. ಒಂದೇ ಸೂರಿನ ಕೆಳಗೆ ಇಂಥ ಜೋಡಿಯನ್ನು ಕೂಡಿಸಿದ ದೇವರಿಗೆ ತಮಾಷೆಯ ಚಟ ಇದ್ದಿರಬೇಕು.

ವೈದ್ಯರು ಗಂಟಲು ತೆಗೆಯಲೇಬೇಕು ಎಂದಾಗ ಈ ಸಂಗತಿ ಮೊದಲು ಹೊಳೆದದ್ದು ಅಮ್ಮನಿಗೇ. ನಾನು ಅಳುತ್ತಿದ್ದೆ, ಅವಳು ಅಳಲಿಲ್ಲ. ಒನೇಲಿಯೊನನ್ನು ಕರೆದು, ಎಲ್ಲಿಂದಾದರೂ ಒಂದು ಮೈಕ್ ತಾ ಎಂದಳು. ಒನೇಲಿಯೊ ವರಾಂಡದಲ್ಲಿ ಕ್ಷೌರ ಮಾಡುವವನು, ಅವನ ಕುರ್ಚಿಯಲ್ಲಿ ಊರೆಲ್ಲ ಕೂತೆದ್ದಿದೆ. ಮದುವೆ ಮನೆಗಳಲ್ಲಿ ಹಾಡುವ ಗಿರಾಕಿಯೊಬ್ಬ ಮೈಕ್ ಕೊಟ್ಟ. ಬಿಡಿಭಾಗಗಳನ್ನು ಕೂಡಿಸಿ ಕಟ್ಟಿದ ಕಂಪ್ಯೂಟರೊಂದು ಮನೆಯಲ್ಲಿತ್ತು. ಆಸ್ಪತ್ರೆಗೆ ಸೇರುವ ದಿನದವರೆಗೂ ನಾನು ಅದರ ಮುಂದೆ ಕೂತು ಮಾತಾಡಿದೆ.

"ಬರೀ ಒಳ್ಳೆ ಮಾತು ತುಂಬಿಸಿಡಬೇಡ ಕಣೆ," ಎಂದಳು ಅಮ್ಮ. "ಜಗಳ ಆಡೋಕೂ ಏನಾದ್ರೂ ಇಟ್ಟಿರು. ನಾನೊಬ್ಳೇ ಬಾಯಿ ಮಾಡ್ತಾ ಕೂರೋಕಾಗಲ್ಲ."

ಹಾಗಾಗಿ ಎಲ್ಲವನ್ನೂ ತುಂಬಿಸಿದೆ. ಕಾಫಿ ಬಿಸಿ ಇದೆ, ಮೆಲ್ಲಗೆ ಕುಡಿ. ಕರೆಂಟ್ ಬಂತು. ಇಲ್ಲೇ ಇದ್ದೀನಿ. ಸುಮ್ನಿರಮ್ಮ, ಬೆಳಗಿಂದ ಅದೇ ಹಾಡು ಹಾಡ್ತಿದ್ದೀಯ. ಮಾತ್ರೆ ನುಂಗಿದ್ಯಾ, ಇಲ್ಲ ಮತ್ತೆ ಹೂಕುಂಡಕ್ಕೆ ಹಾಕಿದ್ಯಾ? ಹೌದು. ಇಲ್ಲ. ನೋಡೋಣ. ನಿನ್ನ ಹಠಕ್ಕೆ ಬೆಂಕಿ ಹಾಕ. ಒಂದು ಸಲ ನಗು ಕೂಡ, ಒನೇಲಿಯೊ ನನಗೆ ಕಚಗುಳಿ ಇಟ್ಟು ಹಿಡಿದದ್ದು. ಇವಲ್ಲದೆ ಕಾರ್ಖಾನೆಯಲ್ಲಿ ಓದಿದ ಎಷ್ಟೋ ಅಧ್ಯಾಯಗಳು. ಎಲ್ಲವನ್ನೂ 'ನೆಲಿ' ಎಂಬ ಹೆಸರಿನ ಫೋಲ್ಡರಿನಲ್ಲಿಟ್ಟೆವು. ಅಮ್ಮ ನನ್ನನ್ನು ಕರೆಯುವ ಹೆಸರು ಅದು, ಪೂರ್ತಿ ಹೆಸರು ನೆಲಿದಾ.

ಆಸ್ಪತ್ರೆಯಿಂದ ಬಂದ ಮೇಲೆ ನಮ್ಮ ಬದುಕು ಹೀಗೆ ಸಾಗಿತು: ಅಮ್ಮ ತೂಗುಕುರ್ಚಿಯಲ್ಲಿ, ಅವಳ ಪಕ್ಕದಲ್ಲಿ ಎರಡು ಸ್ಪೀಕರ್, ಮೌಸ್ ನನ್ನ ಕೈಯಲ್ಲಿ. ಅವಳು ಕೇಳುತ್ತಿದ್ದಳು, ನಾನು ಒತ್ತುತ್ತಿದ್ದೆ. ಸರಿಯಾದ ಉತ್ತರ ಹುಡುಕುವಷ್ಟರಲ್ಲಿ ಅವಳು ಇನ್ನೊಂದು ಪ್ರಶ್ನೆ ಎಸೆದಿರುತ್ತಿದ್ದಳು, ಕಾಫಿಯ ಮಾತಿಗೆ ಮಾತ್ರೆಯ ಉತ್ತರ ಬಂದು ನಗುವಾಗುತ್ತಿತ್ತು. ನಾನು ಆ ನಗುವನ್ನು ಒತ್ತುತ್ತಿದ್ದೆ. ಕರೆಂಟ್ ಹೋದರೆ ನಾನೂ ಹೋದಂತೆ. ಬಂದ ಕೂಡಲೇ ಅಮ್ಮ ಮೊದಲು ಕರೆಯುತ್ತಿದ್ದದ್ದು ನನ್ನನ್ನೇ, ಫ್ಯಾನನ್ನಲ್ಲ. ಆ ತಿಂಗಳುಗಳಲ್ಲಿ ನಾನು ನನ್ನ ಪಾಡನ್ನು ಅಷ್ಟೇನೂ ಹಳಿದುಕೊಳ್ಳಲಿಲ್ಲ ಎಂದರೆ ನಂಬಬೇಕು.

ನನ್ನ ಗಂಡನಿಗೆ 'ಆಗುವುದಿಲ್ಲ' ಎನ್ನಲು ಬಾರದು. ಮನುಷ್ಯ ಒಳ್ಳೆಯವನು, ಆದರೆ ಒಳ್ಳೆಯತನ ಅವನಿಗೊಂದು ಕಾಯಿಲೆ. ಗಿರಾಕಿ ತಲೆ ಬೋಳಿಸು ಎಂದರೆ ಬೋಳಿಸುತ್ತಾನೆ, ಅರ್ಧಕ್ಕೆ ನಿಲ್ಲಿಸು ಎಂದರೆ ನಿಲ್ಲಿಸುತ್ತಾನೆ. ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ನನ್ನ ಓದನ್ನು ಹಾಲಿನಲ್ಲಿ ಕೇಳಿಸುತ್ತೇವೆ, ಧ್ವನಿ ಕೊಡು ಎಂದು ಸಂಘದವರು ಬಂದಾಗ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಅಲ್ಲಿ ಅದು ಯಾವ ಯಾವ ಯಂತ್ರಗಳಿಗೆ ಹೊಕ್ಕು ಬಂತೋ. ಕಾರ್ಯಕ್ರಮ ಮುಗಿದು ಮನೆಗೆ ಬಂದ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದಾಗ ಫೋಲ್ಡರಿನ ಜಾಗದಲ್ಲಿ ಪುಟ್ಟ ಬಾಣದ ಗುರುತಿತ್ತು. ಒನೇಲಿಯೊ ಅದನ್ನು ಒತ್ತಿದ. ರೋಗ ಮನೆಯೊಳಗೆ ಬಂದದ್ದು ಹಾಗೆ.

ಮಾರನೆಯ ದಿನವೇ ನನ್ನ ಮಾತು ತಡವರಿಸತೊಡಗಿತು. ಕಾಫಿ ಬಿಸಿ ಇದೆ ಎಂದು ಒತ್ತಿದರೆ ಕಾಫಿ, ಕಾಫಿ, ಕಾಫಿ ಎಂದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಇದೇನು ಈ ವಯಸ್ಸಿನಲ್ಲಿ ತೊದಲು ಹಿಡಿಯಿತು ನಿನಗೆ ಎಂದು ಅಮ್ಮ ನಕ್ಕಳು. ಅದಾದ ಮೇಲೆ ಒಂದೊಂದೇ ಮಾತು ತೆರೆಯದೇ ಹೋಯಿತು. ನಾನು ನಗಲಿಲ್ಲ. ಎರಡನೆಯ ಸಲ ನನ್ನ ಗಂಟಲಿಗೆ ಹುಣ್ಣು ಬಿದ್ದಿದೆ ಅನ್ನಿಸಿತು. ಪೆನ್‌ಡ್ರೈವಿನಲ್ಲಿದ್ದದ್ದನ್ನು ಒನೇಲಿಯೊ ಅಂದೇ ಪೂರ್ತಿ ಅಳಿಸಿ ತೊಳೆದ. ಮೂಲ ಮನೆಯಲ್ಲೇ ಇರುವಾಗ ರೋಗದ ನಕಲು ಯಾಕೆ ಎಂದು ನಾನೂ ತಲೆಯಾಡಿಸಿದ್ದೆ.

ವೈರಸ್ಸಿಗೆ ಮದ್ದು ಬೇಕಿತ್ತು. ನಮ್ಮಲ್ಲಿ ಇಂಟರ್ನೆಟ್ ಎಂದರೆ ಪಾರ್ಕಿನ ಬೆಂಚು, ಗೀಚಿ ನಂಬರು ತೆಗೆಯುವ ಕಾರ್ಡು, ಅಕ್ಕಪಕ್ಕದಲ್ಲಿ ಮಯಾಮಿಯ ನೆಂಟರೊಡನೆ ಕೂಗಾಡುವ ಜನ. ಅಲ್ಲಿ ಕೂತು ದೊಡ್ಡದೇನನ್ನೂ ಇಳಿಸಿಕೊಳ್ಳಲಾಗದು. ನಮಗೆ ಬೇಕಾದದ್ದೆಲ್ಲ ಬರುವುದು ವಾರದ ಗಂಟಿನಲ್ಲಿ. ಗಂಟಿನವನು ಡಿಸ್ಕ್ ಹಿಡಿದು ಮನೆಮನೆಗೆ ಬರುತ್ತಾನೆ. ಧಾರಾವಾಹಿ, ಸಿನಿಮಾ, ಹಾಡು, ಅಡುಗೆ ಕಾರ್ಯಕ್ರಮ, ಅದರ ಜೊತೆಗೆ ಆಂಟಿವೈರಸ್ಸುಗಳು ಮತ್ತು ಅವುಗಳಿಗೆ ಆ ವಾರದ ಹೊಸ ಮದ್ದು. ಎಲ್ಲ ಪುಕ್ಕಟೆ ಜಾತಿಯವು. ಕಾಸು ಕೊಟ್ಟು ಕೊಳ್ಳುವ ಜಾತಿಯದನ್ನು ತರಿಸಲು ನಮಗೆ ದಾರಿಯಿಲ್ಲ, ನಮಗೆ ಮಾರಲು ಕಡಲಾಚೆಯವರಿಗೆ ಅವರ ಸರ್ಕಾರದ ಅನುಮತಿಯಿಲ್ಲ. ಅವುಗಳ ಹೆಸರು ನಮ್ಮ ನಾಲಿಗೆಗೆ ಹೊರಳುವುದಿಲ್ಲವಾದ್ದರಿಂದ ಚಿತ್ರ ನೋಡಿ ಕರೆಯುತ್ತೇವೆ. ಒಂದಕ್ಕೆ ಗೂಬೆ, ಇನ್ನೊಂದಕ್ಕೆ ಬೀಗ.

ಊರು ಈ ವಿಷಯದಲ್ಲಿ ಬೇಸ್‌ಬಾಲ್ ತಂಡಗಳಂತೆ ಎರಡು ಪಾಲಾಗಿತ್ತು. ನಮ್ಮ ಬೀದಿಯ ಬೀಗದ ಪಕ್ಷಕ್ಕೆ ನಾಯಕ ಎದುರು ಮನೆಯ ಫಿಲಿಬೆರ್ತೊ. ಮುಚ್ಚಿಹೋದ ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು, ಈಗ ಫ್ಯಾನು ರಿಪೇರಿ ಮಾಡುತ್ತಾನೆ. ನನ್ನ ಗಂಟಲ ಹುಣ್ಣಿಗೆ ಆಸ್ಪತ್ರೆಯಲ್ಲಿ ಕರೆಂಟಿನ ಶಾಖ ಕೊಡಿಸುವುದಕ್ಕೆ ತನ್ನ ಲಡಾಸು ಮೋಸ್ಕ್‌ವಿಚ್ ಕಾರಿನಲ್ಲಿ ಸಾಂತಾ ಕ್ಲಾರಾಕ್ಕೆ ಎಷ್ಟೋ ಸಲ ಕರೆದೊಯ್ದು ತಂದವನೂ ಅವನೇ. ಗೂಬೆಯ ಪಕ್ಷದ ನಾಯಕಿ ಮೈಲೆಯ್ದಿಸ್, ಮೂಲೆಯ ಕ್ಲಿನಿಕ್ಕಿನ ನರ್ಸ್. ದಿನಾ ಬೆಳಗ್ಗೆ ಮನೆಗೆ ಬಂದು ನನ್ನ ಕತ್ತಿನ ನಳಿಗೆಯನ್ನು ತೊಳೆಯುತ್ತಿದ್ದಳು. ಇಬ್ಬರಿಗೂ ನಾವು ಋಣಿಗಳು. ಆ ಋಣವೇ ನನ್ನನ್ನು ನುಂಗಿತು.

ಒಂದು ಬೆಳಗ್ಗೆ ಇಬ್ಬರೂ ನಮ್ಮ ನಡುಮನೆಯಲ್ಲೇ ಎದುರುಬದುರಾದರು. ಫಿಲಿಬೆರ್ತೊ ಬೀಗದ ಗುಣಗಾನ ಮಾಡಿದ. ಯಂತ್ರವನ್ನು ನಿಧಾನ ಮಾಡುವುದಿಲ್ಲ, ತಕರಾರು ಮಾಡುವುದಿಲ್ಲ, ರೋಗ ಕಂಡಲ್ಲಿ ಕೊಂದು ಬಿಸಾಡುತ್ತದೆ. ಗೂಬೆಯಾದರೋ ಪ್ರತಿಯೊಂದಕ್ಕೂ ಕಿಟಕಿ ತೆರೆದು ನಿಮ್ಮ ಅಪ್ಪಣೆ ಕೇಳುತ್ತದೆ.

"ಕಳ್ಳ ಮನೆಗೆ ನುಗ್ಗಿದಾಗ ಹಿಡೀಲಾ ಬೇಡ್ವಾ ಅಂತ ಯಾರಾದ್ರೂ ಕೇಳ್ಕೊಂಡು ಕೂರ್ತಾರಾ?" ಎಂದ.

"ರೋಗಿನ ಕೇಳದೆ ಕಾಲು ಕತ್ತರಿಸ್ತಾರಾ ತಾತ?" ಎಂದಳು ಮೈಲೆಯ್ದಿಸ್, ನನ್ನ ಕತ್ತಿಗೆ ಹತ್ತಿ ಒತ್ತುತ್ತಲೇ. ತಾತ ಎಂದರೆ ಅವನಿಗೆ ಉರಿಯುತ್ತದೆ, ಅದಕ್ಕೇ ಹಾಗೆ ಕರೆಯುತ್ತಾಳೆ.

ಅಮ್ಮ ಕುರ್ಚಿಯಿಂದಲೇ ಇಬ್ಬರಿಗೂ ಸಾಕು ಮಾಡಿ ಎಂದಳು. ಗಂಟಲು ಯಾರದೋ ಅವಳೇ ಆರಿಸಲಿ ಎಂದಳು. ನಾನು ಸ್ಲೇಟು ತೆಗೆದು ಬರೆದೆ: ಅಳಿಸುವ ಮುಂಚೆ ಕೇಳುವಂಥದ್ದು ಬೇಕು. ಒನೇಲಿಯೊ ಅದನ್ನು ಅಮ್ಮನಿಗೆ ಓದಿ ಹೇಳಿದ. ಆಸ್ಪತ್ರೆಯಲ್ಲೂ ನನ್ನನ್ನು ಕೇಳಿಯೇ ಕೊಯ್ದಿದ್ದರು. ಕಳೆದುಕೊಳ್ಳುವ ಮುಂಚೆ ಒಂದು ಮಾತು ಕೇಳುವುದು ದೊಡ್ಡದೇನಲ್ಲ, ಆದರೆ ಅಷ್ಟಾದರೂ ನನಗೆ ಬೇಕಿತ್ತು. ಫಿಲಿಬೆರ್ತೊ ಮುಖ ಸಪ್ಪೆ ಮಾಡಿಕೊಂಡು ಕಾಫಿ ಕೂಡ ಕುಡಿಯದೆ ಹೊರಟುಹೋದ. ಒನೇಲಿಯೊ ಬಾಗಿಲಲ್ಲಿ ನಿಂತು ಅವನು ರಸ್ತೆ ದಾಟುವುದನ್ನೇ ನೋಡುತ್ತಿದ್ದ.

ಮೈಲೆಯ್ದಿಸ್ ಗೂಬೆಯನ್ನು ಕೂರಿಸಿದಳು. ಅದು ಕಣ್ಣು ಪಿಳಿಪಿಳಿ ಬಿಡುತ್ತಾ ಕಂಪ್ಯೂಟರಿನ ಮೂಲೆಮೂಲೆ ತಡಕಿತು. ಆಮೇಲೆ ಕಿಟಕಿಗಳು ತೆರೆದುಕೊಂಡವು. ಇಲ್ಲೇ ಇದ್ದೀನಿ, ಇದರಲ್ಲಿ ರೋಗವಿದೆ, ಅಳಿಸಲೇ, ಪೆಟ್ಟಿಗೆಯಲ್ಲಿಡಲೇ, ಹಾಗೇ ಬಿಡಲೇ? ಸುಮ್ನಿರಮ್ಮ, ಇದರಲ್ಲಿ ರೋಗವಿದೆ. ನಗು, ಇದರಲ್ಲಿ ರೋಗವಿದೆ. ವೈರಸ್ಸು ನನ್ನ ಪ್ರತಿಯೊಂದು ಮಾತನ್ನೂ ತನ್ನ ಹೊಟ್ಟೆಯೊಳಗೆ ಸುತ್ತಿಕೊಂಡಿತ್ತು. ಒಂದೂ ಉಳಿದಿರಲಿಲ್ಲ.

"ಹೆದರಬೇಡ ಬಂಗಾರ," ಎಂದಳು ಮೈಲೆಯ್ದಿಸ್. "ಪೆಟ್ಟಿಗೆ ಅಂದ್ರೆ ನಮ್ಮ ಅಂಟುರೋಗದ ವಾರ್ಡ್ ಇದ್ದ ಹಾಗೆ. ಒಳಗಿರೋರು ಸತ್ತಿಲ್ಲ, ಹೊರಗೆ ಬರೋ ಹಾಗಿಲ್ಲ ಅಷ್ಟೆ. ಮುಂದಿನ ಗಂಟಲ್ಲಿ ಇದರ ಮದ್ದು ಬರುತ್ತಂತೆ, ಎಲ್ಲಾರ್ನೂ ಗುಣ ಮಾಡಿ ಹೊರಗೆ ಕರ್ಕೊಳ್ಳೋಣ."

ನಾನೇ ಕೂತು, ನನ್ನ ಕೈಯಿಂದಲೇ, ಒಂದೊಂದನ್ನೂ ಪೆಟ್ಟಿಗೆಗೆ ಸೇರಿಸಿದೆ. ಕೆಲಸ ಮುಗಿದಾಗ 'ನೆಲಿ' ಖಾಲಿಯಾಗಿತ್ತು. ಹೆದರಿಕೆಯಾದರೂ ಸಮಾಧಾನವಿತ್ತು, ಎಲ್ಲ ಒಂದೆಡೆ ಭದ್ರವಾಗಿದೆ ಅನ್ನಿಸಿತು. ಮದ್ದು ಬರುವವರೆಗೆ ಅಮ್ಮನಿಗೂ ನನಗೂ ಮಾತಿಲ್ಲ. ಅಮ್ಮ ಇದನ್ನೂ ಸರಸವಾಗಿಯೇ ತೆಗೆದುಕೊಂಡಳು. ನಮ್ಮ ನೆಲಿಯ ಗಂಟಲು ಮತ್ತೆ ಆಸ್ಪತ್ರೆಗೆ ಸೇರಿದೆ, ವಾರ ಬಿಟ್ಟು ಬರುತ್ತದೆ ಎಂದು ವರಾಂಡಕ್ಕೆ ಬಂದ ಗಿರಾಕಿಗಳಿಗೆಲ್ಲ ಹೇಳಿದಳು. ಒನೇಲಿಯೊ ನಡುವೆ ನಿಂತು ನನ್ನ ಸ್ಲೇಟು ಓದಿ ಹೇಳುತ್ತಿದ್ದ. ಅವನ ಬಾಯಲ್ಲಿ ನನ್ನ ಬೈಗುಳವೂ ಕ್ಷಮೆ ಕೇಳಿದ ಹಾಗೆ ಕೇಳುತ್ತಿತ್ತು.

ಆ ವಾರ ರೇಷನ್ ಅಂಗಡಿಗೆ ಕೋಳಿ ಬಂದಿದೆಯೆಂದು ನಾನು ಕ್ಯೂನಲ್ಲಿ ನಿಂತಿದ್ದಾಗ ಫಿಲಿಬೆರ್ತೊ ನಮ್ಮ ಮನೆಗೆ ಬಂದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಪೆನ್‌ಡ್ರೈವಿನಲ್ಲಿ ಬೀಗವನ್ನು ತಂದಿದ್ದ, ಅದರ ಹೊಚ್ಚಹೊಸ ಅವತಾರವಂತೆ, ಅದಕ್ಕಾಗಿ ಊರ ಆಚೆ ತುದಿಯವರೆಗೆ ನಡೆದು ಹೋಗಿದ್ದನಂತೆ. ನನ್ನ ಹೆಂಡತಿ ಗೂಬೆಯನ್ನು ಆರಿಸಿದ್ದಾಳೆ ಎಂದು ಹೇಳಬೇಕಾದವನು ಒನೇಲಿಯೊ. ಹೇಳಲಿಲ್ಲ. ಬಿಸಿಲಿನಲ್ಲಿ, ಆ ಹಳೇ ಕಾರಿನಲ್ಲಿ ನನ್ನನ್ನು ಅಷ್ಟು ದೂರ ಹೊತ್ತ ಮನುಷ್ಯನ ಮುಖಕ್ಕೆ ಹೊಡೆದ ಹಾಗೆ ಬೇಡ ಎನ್ನುವುದು ಹೇಗೆ? ಒಂದಿದ್ದ ಕಡೆ ಎರಡಿದ್ದರೆ ಕಾವಲು ಇನ್ನೂ ಗಟ್ಟಿಯಾಗುತ್ತದೆ ಎಂದುಕೊಂಡನಂತೆ. ಹಾಕಿಸಿಕೊಂಡ. ಅಷ್ಟಕ್ಕೇ ಬಿಡಲಿಲ್ಲ. ಬೆಳಗ್ಗೆ ಬರುವ ಮೈಲೆಯ್ದಿಸ್ ಕಂಡರೆ ಬೇಜಾರು ಮಾಡಿಕೊಂಡಾಳೆಂದು ಬೀಗದ ಚಿತ್ರ ಕಂಪ್ಯೂಟರಿನ ಪರದೆಯ ಮೇಲೆ ಕಾಣದ ಹಾಗೆ ಮಾಡಿದ. ಇಬ್ಬರ ಮನಸ್ಸೂ ನೋಯಬಾರದು. ನಮ್ಮ ಬೀದಿಯಲ್ಲಿ ಎಲ್ಲರೂ ಬದುಕುವುದೇ ಹೀಗೆ, ನೆರೆಯವರಿಗೆ ಎದುರಾಡಿ ಯಾರೂ ಬಾಳಲಾರರು. ಅದು ನನಗೂ ಗೊತ್ತು.

ಗಂಟಿನವನು ಬಂದ. ಒನೇಲಿಯೊ ಎಂದಿನಂತೆ ಅಮ್ಮನಿಗೆಂದು ಧಾರಾವಾಹಿಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿಕೊಂಡ, ಜೊತೆಗೆ ಗೂಬೆಯ ಹೊಸ ಮದ್ದನ್ನೂ. ಮೈಲೆಯ್ದಿಸ್ ಕ್ಲಿನಿಕ್ಕಿನಿಂದ ಓಡಿ ಬಂದಳು. ಅಮ್ಮ ತಲೆ ಬಾಚಿಸಿಕೊಂಡು, ಸ್ಪೀಕರನ್ನು ಹತ್ತಿರ ಎಳೆದುಕೊಂಡು ಕೂತಿದ್ದಳು. ಮದ್ದು ಕುಡಿದ ಗೂಬೆಯ ಎದೆ ಹಸಿರಾಯಿತು. ಮೈಲೆಯ್ದಿಸ್ ಪೆಟ್ಟಿಗೆ ತೆರೆದಳು.

ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ.

ಅವಳು ಮುಚ್ಚಿ ಮತ್ತೆ ತೆರೆದಳು. ನಾನು ಅವಳನ್ನು ಸರಿಸಿ ನಾನೇ ತೆರೆದೆ. ನೀನು ಏನಾದರೂ ಒತ್ತಿದೆಯಾ ಎಂದು ಅವಳು ಕೇಳಿದಳು, ಇಲ್ಲವೆಂದು ತಲೆಯಾಡಿಸಿದೆ. ಆಗ ಪರದೆಯ ಬಲಮೂಲೆಯಲ್ಲಿ ಪುಟ್ಟ ಕಿಟಕಿಯೊಂದು ತಾನಾಗಿ ಎದ್ದಿತು, ಬೀಗದ ಚಿತ್ರದೊಂದಿಗೆ. ಎಲ್ಲ ಅಪಾಯಗಳನ್ನೂ ತೊಲಗಿಸಲಾಗಿದೆ, ನಿಮ್ಮ ಮನೆ ಸುರಕ್ಷಿತವಾಗಿದೆ ಎಂದು ಅದರಲ್ಲಿತ್ತು. ಮೈಲೆಯ್ದಿಸ್ ಒನೇಲಿಯೊನ ಕಡೆ ತಿರುಗಿದಳು. ನಾನೂ ತಿರುಗಿದೆ. ಅವನ ಮುಖ ನೋಡಿದ ಮೇಲೆ ಏನನ್ನೂ ಕೇಳುವ ಅಗತ್ಯವಿರಲಿಲ್ಲ. ಗೂಬೆ ಜೋಪಾನವಾಗಿ ಕೂಡಿಟ್ಟ ಪೆಟ್ಟಿಗೆ ಬೀಗದ ಕಣ್ಣಿಗೆ ಬರೀ ರೋಗದ ಮೂಟೆ. ತನ್ನ ಕೆಲಸ ತಾನು ಮಾಡಿತು. ಯಾರನ್ನೂ ಕೇಳಲಿಲ್ಲ.

ನನ್ನ ಬಾಯಿ ಅಷ್ಟಗಲ ತೆರೆದುಕೊಂಡಿತು. ಕತ್ತಿನ ತೂತಿನಿಂದ ಬರೀ ಗಾಳಿ ಹೊರಟಿತು.

"ಏನಾಯ್ತು?" ಎಂದಳು ಅಮ್ಮ ಕುರ್ಚಿಯಿಂದ. "ಯಾಕೆ ಯಾರೂ ಮಾತಾಡ್ತಿಲ್ಲ? ನೆಲಿ, ಬಂತಾ ನಿನ್ನ ಗಂಟಲು?"

ಒನೇಲಿಯೊ ಅವಳ ಕಾಲ ಬಳಿ ಕೂತು ಹೇಳಿದ. ಹೇಳುತ್ತಾ ಅತ್ತ. ಅಮ್ಮ ಅವನನ್ನು ಬೈಯಲಿಲ್ಲ, ಅವನ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಸ್ಪೀಕರನ್ನು ತಡವಿ ಹುಡುಕಿ, ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿಟ್ಟಳು. ನನಗೆ ಅವನನ್ನು ಕೊಲ್ಲಬೇಕೆನ್ನಿಸಿತು. ಸ್ಲೇಟಿನ ಮೇಲೆ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಸಿಟ್ಟನ್ನು ಬರೆಯುವುದಕ್ಕೆ ಹೊತ್ತು ಹಿಡಿಯುತ್ತದೆ, ಬರೆದು ಮುಗಿಸುವಷ್ಟರಲ್ಲಿ ಎದುರಿಗಿದ್ದವನು ಆಗಲೇ ಅತ್ತು ಸುಸ್ತಾಗಿರುತ್ತಾನೆ. ಕೊನೆಗೆ ಸ್ಲೇಟನ್ನು ಅವನ ಮುಂದೆ ಹಿಡಿದೆ. 'ದೇವರು ನಿನಗೆ ಕೊಟ್ಟ ಬಾಯಿಂದ ಒಂದು ಸಲ ಬೇಡ ಅನ್ನೋಕಾಗಲಿಲ್ವಾ?' ಅವನು ಓದಿದ, ತಲೆ ತಗ್ಗಿಸಿದ. ಅಮ್ಮನಿಗೆ ಅದನ್ನು ಓದಿ ಹೇಳಲಿಲ್ಲ.

ಕಂಪ್ಯೂಟರನ್ನು ಒನೇಲಿಯೊ ಸಾಂಕ್ತಿ ಸ್ಪಿರಿತುಸ್ ಪಟ್ಟಣದ ರಿಪೇರಿಯವನ ಬಳಿಗೆ ಒಯ್ದ. ಅಳಿಸಿದ್ದು ಕೂಡಲೇ ಹೋಗುವುದಿಲ್ಲ, ಮೇಲೆ ಬೇರೇನೂ ಬೀಳುವವರೆಗೆ ಅಡಿಯಲ್ಲಿ ಉಳಿದಿರುತ್ತದೆ ಎಂದನಂತೆ ಅವನು. ಆದರೆ ಆ ಜಾಗದ ಮೇಲೆ ವಾರದ ಗಂಟು ಬಿದ್ದಿತ್ತು. ನಾನಿದ್ದಲ್ಲಿ ಈಗ ಒಂದು ತುರ್ಕಿ ಧಾರಾವಾಹಿ ಇತ್ತು. ಕಾರ್ಖಾನೆಯವರನ್ನು ಕೇಳಿದೆವು. ಪೆನ್‌ಡ್ರೈವಿನಿಂದಲೇ ಕೇಳಿಸಿದ್ದೆವು, ಇಟ್ಟುಕೊಂಡಿಲ್ಲ ಎಂದರು. ವರ್ಷಗಟ್ಟಲೆ ಆ ಹಾಲಿನಲ್ಲಿ ಓದಿದ್ದೆ. ಒಬ್ಬರೂ ಒಂದು ದಿನ ಹಿಡಿದಿಟ್ಟಿರಲಿಲ್ಲ, ನಾಳೆಯೂ ಓದುತ್ತಾಳಲ್ಲ ಎಂದು.

ಫಿಲಿಬೆರ್ತೊಗೆ ಇಂದಿಗೂ ಗೊತ್ತಿಲ್ಲ. ಹೇಳಿದರೆ ಆ ಮುದಿಜೀವ ಕೊರಗಿ ಸಾಯುತ್ತದೆಂದು ಒನೇಲಿಯೊ ನನ್ನಿಂದ ಮಾತು ತೆಗೆದುಕೊಂಡ. ನನ್ನಿಂದ ಮಾತು ತೆಗೆದುಕೊಳ್ಳುವುದು ಈಗ ಎಷ್ಟು ಸುಲಭ. ನಾನು ಕೊಟ್ಟ ಬೀಗ ಹೇಗಿದೆ, ಒಂದಾದರೂ ವೈರಸ್ಸು ಬಂತಾ ಎಂದು ಫಿಲಿಬೆರ್ತೊ ರಸ್ತೆಯ ಆಚೆಯಿಂದ ಕೂಗುತ್ತಾನೆ, ನನಗೆ ಕಿವಿ ಕೇಳದೆಂಬ ಹಾಗೆ. ನಾನು ಕೈ ಎತ್ತುತ್ತೇನೆ.

ಅಮ್ಮನೊಡನೆ ಮಾತಾಡಲು ಏನೇನೋ ಮಾಡಿದೆ. ಅಂಗೈ ಮೇಲೆ ಅಕ್ಷರ ಬರೆದೆ. ಇರುವೆ ಹರಿದ ಹಾಗಾಗುತ್ತದೆ, ಏನೂ ತಿಳಿಯುವುದಿಲ್ಲ ಎಂದಳು. ಹೊಟ್ಟೆಗೆ ಗಾಳಿ ನುಂಗಿ ತೇಗಿನಲ್ಲಿ ಮಾತಾಡುವುದನ್ನು ಆಸ್ಪತ್ರೆಯಲ್ಲಿ ಹೇಳಿಕೊಡುತ್ತಾರೆ. ಹಗಲೆಲ್ಲ ಅಭ್ಯಾಸ ಮಾಡಿ ಒಂದು ದಿನ ಅವಳ ಮುಂದೆ ನಿಂತು ಅಮ್ಮಾ ಎಂದೆ. ಕಪ್ಪೆ ಒಳಗೆ ಬಂದಿದೆ, ಓಡಿಸೋ ಎಂದು ಅವಳು ಒನೇಲಿಯೊನನ್ನು ಕೂಗಿದಳು. ಅದಾದ ಮೇಲೆ ನಾನು ಪ್ರಯತ್ನಿಸಲಿಲ್ಲ. ಮೇಜು ಕುಟ್ಟುವುದೊಂದು ಉಳಿಯಿತು. ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ. ಮೊದಮೊದಲು ಅಮ್ಮ ಉತ್ಸಾಹದಿಂದ ಆಡಿದಳು. ಆದರೆ ಬರೀ ಹೌದು, ಇಲ್ಲಗಳಿಂದ ಎಷ್ಟು ಹೊತ್ತು ಜಗಳವಾಡುವುದು? ಪ್ರಶ್ನೆ ಕೇಳುವ ಕೆಲಸವೆಲ್ಲ ಅವಳದೇ ಆಯಿತು, ಅವಳಿಗೆ ಅದು ಬೇಸರ ತಂದಿತು. ಮಧ್ಯಾಹ್ನಗಳು ತೀರಾ ಉದ್ದವಾದವು. ಅವಳು ಕೂತಲ್ಲೇ ಕುಗ್ಗುತ್ತಿದ್ದಳು. ನಾನು ಎದುರಿಗೆ ಕೂತು ನೋಡುತ್ತಿದ್ದೆ, ನಾನಿರುವುದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಆ ದಿನ ನಾನು ಕರಿಹುರುಳಿ ಬೇಯಿಸುತ್ತಿದ್ದೆ. ಅಮ್ಮ ಎಂದಿನಂತೆ ಕೇಳಿದಳು.

"ನೆಲಿ, ಹುರುಳಿಗೆ ಉಪ್ಪು ಹಾಕಿದ್ಯಾ?"

ನಾನು ಸೌಟು ಇಟ್ಟು ಮೇಜಿನ ಬಳಿಗೆ ಬರುವ ಮುಂಚೆಯೇ ಉತ್ತರ ಬಂತು. ತೆಳ್ಳಗಿನ, ನಯವಾದ, ಹುಡುಗಿಯ ಧ್ವನಿ.

"ಹಾಕಿದೆ ಅಮ್ಮ. ನಿನಗೆ ಹಿಡಿಸೋ ಹಾಗೇ ಹಾಕಿದ್ದೀನಿ."

ಅಮ್ಮನೇ ಆಡಿದ್ದಳು. ನನ್ನ ಬದಲಿಗೆ ಅವಳೇ ಉತ್ತರ ಹೇಳಿಕೊಂಡಿದ್ದಳು. ನನಗೆ ನಗು ಬಂತು, ಮೊದಲ ಸಲವಲ್ಲವೇ. ಆ ಸ್ವರ ನನ್ನದಾಗಿರಲಿಲ್ಲ. ನನ್ನದು ದಪ್ಪ ಸ್ವರ, ಕಾರ್ಖಾನೆಯ ಹಾಲಿನ ಕೊನೆಯ ಸಾಲಿಗೂ ಮುಟ್ಟುವಂಥದ್ದು. ಅಲ್ಲದೆ ಉಪ್ಪಿನ ಸುದ್ದಿಗೆ ನಾನು ಹುಟ್ಟಿದಾಗಿನಿಂದ ಅಷ್ಟು ಮೆತ್ತಗೆ ಉತ್ತರ ಕೊಟ್ಟವಳಲ್ಲ. ಸರಿಪಡಿಸೋಣ ಎನ್ನಿಸಿತು. ನನ್ನ ಸ್ವರ ಹೇಗಿತ್ತೆಂದು ನೆನೆಸಿಕೊಳ್ಳಲು ನೋಡಿದೆ. ದಪ್ಪ ಎಂಬ ಮಾತು ನೆನಪಿತ್ತು, ಸ್ವರ ನೆನಪಿರಲಿಲ್ಲ.

ದಿನಗಳು ಕಳೆದ ಹಾಗೆ ಆ ನೆಲಿ ಮನೆಯಲ್ಲಿ ನೆಲೆಯೂರಿದಳು. ಅಮ್ಮನ ಮೈಗೆ ಮತ್ತೆ ಬಣ್ಣ ಬಂತು, ಊಟ ಸೇರತೊಡಗಿತು. ಅವರಿಬ್ಬರೂ ಬೆಳಗ್ಗೆಯಿಂದ ಮಾತಾಡುತ್ತಾರೆ. ಆ ನೆಲಿ ಎಂದೂ ರೇಗುವುದಿಲ್ಲ, ಸೇದುವುದಿಲ್ಲ, ಅಮ್ಮನ ಒಂದೇ ಕಥೆಯನ್ನು ಎಷ್ಟು ಸಲವಾದರೂ ಕೇಳುತ್ತಾಳೆ. ಮೈಲೆಯ್ದಿಸ್ ಒಂದು ದಿನ ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡು, ಒಳಗೆ ಬಂದು ನನ್ನ ಕೈ ಹಿಡಿದಳು. ಒನೇಲಿಯೊ ಮಾತ್ರ ಮುದುಕಿ ಖುಷಿಯಾಗಿದ್ದಾಳೆ, ಇರಲಿ ಬಿಡು ಎಂದ. ಅವಳಿಗೂ ಬೇಡ ಎನ್ನಲು ಅವನಿಂದಾಗಲಿಲ್ಲ.

ನಿನ್ನೆ ಅಮ್ಮ ನನ್ನ ಬಾಲ್ಯದ ಸಂಗತಿಯೊಂದನ್ನು ಹೇಳುತ್ತಿದ್ದಳು. ನನ್ನ ಅಪ್ಪ ಮನೆ ಬಿಟ್ಟು ಹೋದ ದಿನದ್ದು. ಹೋಗುವಾಗ ನೀನು ಅವನ ಅಂಗಿ ಹಿಡಿದುಕೊಂಡು ಅತ್ತೆಯಲ್ಲ ಎಂದಳು. ಹೌದಮ್ಮ, ತುಂಬಾ ಅತ್ತೆ ಎಂದಳು ಆ ನೆಲಿ. ನಾನು ಅತ್ತಿರಲಿಲ್ಲ. ನಾನು ಅವನ ಅಂಗಿ ಮುಟ್ಟಲೂ ಇಲ್ಲ, ಅಮ್ಮನ ಲಂಗದ ಮರೆಯಲ್ಲೇ ಇದ್ದೆ, ಅವಳನ್ನೇ ಹಿಡಿದುಕೊಂಡಿದ್ದೆ. ಇಷ್ಟು ವರ್ಷಗಳಲ್ಲಿ ಅದನ್ನು ಅವಳಿಗೆ ಎಂದೂ ಹೇಳಿರಲಿಲ್ಲ, ಗೊತ್ತಿದೆ ಎಂದುಕೊಂಡಿದ್ದೆ. ಎದ್ದು ಹೋಗಿ ಅವಳ ಪಕ್ಕದ ಮೇಜನ್ನು ಎರಡು ಸಲ ಕುಟ್ಟಿದೆ. ಅವಳು ಮಾತು ನಿಲ್ಲಿಸಲಿಲ್ಲ. ಮತ್ತೆ ಕುಟ್ಟಿದೆ. ಗೆಣ್ಣು ನೋಯುವಷ್ಟು ಕುಟ್ಟಿದೆ. ಇಲ್ಲ, ಇಲ್ಲ, ಇಲ್ಲ.

ಅಮ್ಮ ಬಾಗಿಲ ಕಡೆ ಮುಖ ತಿರುಗಿಸಿದಳು.

"ಯಾರೋ ಬಾಗಿಲು ಬಡೀತಿದಾರೆ. ನೋಡು ನೆಲಿ."

"ಯಾರೂ ಇಲ್ಲಮ್ಮ," ಎಂದಳು ನೆಲಿ.